ಬೀಗ ಹಾಕಿದ ಬಾವಿ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು ಹಿರಿಯರು ಗೇಲಿ ಮಾಡಿದರು. ನಾವು ಹಾಗಲ್ಲ. ಬಾವಿಯನ್ನು ಮೊದಲೇ ತೋಡಿ, ಬೀಗ ಜಡಿದು, ಕೀಲಿಕೈಯನ್ನು ಸ್ಟೋರ್ ಕೀಪರ್ ಜೇಬಿಗೆ ಹಾಕಿದ್ದೇವೆ.

ಪೀಣ್ಯದ ಒಂದು ಪ್ಲೇಟಿಂಗ್ ಶೆಡ್ಡಿನಲ್ಲಿ ಆ ಬಾವಿಯ ದರ್ಶನವಾಯಿತು. ಹಳದಿ ಡಬ್ಬ, ಮೇಲೆ ‘ಸ್ಪಿಲ್ ಕಿಟ್’ ಎಂಬ ಚೀಟಿ. ಒಳಗೆ ರಬ್ಬರ್ ಗ್ಲೌಸು, ಕನ್ನಡಕ, ಸೋಡಾ ಆಶ್. ಸುತ್ತಿದ ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ. “ಬಿಚ್ಚಿದ್ರೆ ಆಡಿಟ್‌ನಲ್ಲಿ ಲೆಕ್ಕ ತಪ್ಪತ್ತೆ ಸಾರ್” ಎಂದರು ಕೀಪರು. ಪಕ್ಕದಲ್ಲೇ ಕಣ್ಣು ತೊಳೆಯುವ ನಲ್ಲಿ. ಆಸಿಡ್ ಕಣ್ಣಿಗೆ ಸಿಡಿದರೆ ಕನಿಷ್ಠ 15 ನಿಮಿಷ ನೀರು ಬಿಡಬೇಕು. ಆ ನಲ್ಲಿಯ ಮೇಲೆ ಯಾರದೋ ಟವೆಲ್ಲು ಒಣಗುತ್ತಿತ್ತು. ಒಣಗಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ, ಅದರ ಪೈಪು ನೀರಿನ ಮುಖವನ್ನೇ ಕಂಡಿಲ್ಲ.

ಮಾರ್ಚ್ 4, ರಾಷ್ಟ್ರೀಯ ಸುರಕ್ಷತಾ ದಿನ. ನಾಲ್ಕು ದಿನ ಮೊದಲೇ ನೋಟಿಸು ಹಚ್ಚಿ ಮಾಕ್ ಡ್ರಿಲ್. ಆಸಿಡ್ ಬದಲು ನೀರು ಚೆಲ್ಲಿ, ಒರೆಸಿ, ಪ್ರತಿಜ್ಞೆ ಮಾಡಿ, ಫೋಟೊ ತೆಗೆಸಿಕೊಂಡು ಕೇಸರಿಬಾತ್ ತಿನ್ನುತ್ತಾರೆ. ಅಪಘಾತಕ್ಕೆ ಮಾತ್ರ ಶಿಸ್ತಿಲ್ಲ, ನೋಟಿಸು ಕೊಡದೇ ಬರುತ್ತದೆ. ಅದೂ ಕೀಪರ್ ರಜೆ ಹಾಕಿದ ರಾತ್ರಿ ಪಾಳಿಗೆ.

ಕ್ಯಾನ್ ಒಡೆದಾಗ ಓಡಿ ಬರುವವನು ಕಾಂಟ್ರಾಕ್ಟ್ ಹುಡುಗ, ಕೈಯಲ್ಲಿ ಮಾಪು. ಗಾಢ ಸಲ್ಫ್ಯೂರಿಕ್ ಆಸಿಡ್ಡಿನ ಮೇಲೆ ಒಂದು ಚೊಂಬು ನೀರು ಹೊಯ್ದರೆ ಅದು ಕುದ್ದು ಮುಖಕ್ಕೇ ಸಿಡಿಯುತ್ತದೆ. ನೈಟ್ರಿಕ್ ಮೇಲೆ ಮರದ ಹೊಟ್ಟು ಸುರಿದರೆ ವಿಷದ ಹೊಗೆಯೆದ್ದು ಬೆಂಕಿಯೇ ಹೊತ್ತಿಕೊಳ್ಳಬಹುದು. ಜನರನ್ನು ದೂರ ಕಳಿಸು, ಚರಂಡಿಯ ಬಾಯಿ ಮುಚ್ಚು, ಒಣ ಮರಳಿನ ಕಟ್ಟೆ ಕಟ್ಟು, ಆಮೇಲೆ ಅಂಚಿನಿಂದ ಸ್ವಲ್ಪಸ್ವಲ್ಪವೇ ಸೋಡಾ ಆಶ್ ಉದುರಿಸು: ಇದನ್ನೆಲ್ಲ ಅವನಿಗೆ ಹೇಳಿಲ್ಲವೆ? ಹೇಳಿದ್ದಾರೆ. 16 ಭಾಗಗಳ ಸುರಕ್ಷತಾ ಪತ್ರದ 6ನೇ ಭಾಗದಲ್ಲಿ, ಇಂಗ್ಲಿಷಿನಲ್ಲಿ, ಸಾಹೇಬರ ಕೋಣೆಯ ಬೀರುವಿನಲ್ಲಿ. ಹುಡುಗ ಯಾದಗಿರಿ ಕಡೆಯವನು.

1984ರ ಡಿಸೆಂಬರಿನಲ್ಲಿ ವಿಷಾನಿಲ ಸೋರಿದ ಆ ರಾತ್ರಿ ಭೋಪಾಲದ ಕಾರ್ಖಾನೆಯಲ್ಲೂ ಉಪಕರಣಗಳಿಗೆ ಬರವಿರಲಿಲ್ಲ. ಟ್ಯಾಂಕು ತಂಪಾಗಿಡುವ ಯಂತ್ರ ಇತ್ತು, ಬಂದಾಗಿತ್ತು. ಅನಿಲ ಸುಡುವ ಗೋಪುರ ಇತ್ತು, ಪೈಪು ಬಿಚ್ಚಿಟ್ಟಿದ್ದರು. ಸಾವಿರಾರು ಜನ ಸತ್ತ ಮೇಲೆ, 1987ರಲ್ಲಿ ಕಾರ್ಖಾನೆ ಕಾಯ್ದೆ ತಿದ್ದಿ, ಅಪಾಯವೇನೆಂದು ಕಾರ್ಮಿಕರಿಗೆ ತಿಳಿಸಲೇಬೇಕೆಂದರು.

ತಿಳಿಸಿದ್ದಕ್ಕೆ ನಮ್ಮಲ್ಲಿ ದಾಖಲೆಯೂ ಇದೆ. ತರಬೇತಿ ರಿಜಿಸ್ಟರು ತೆಗೆದು ನೋಡಿ, ಹುಡುಗ ದುಂಡಗೆ ಸಹಿ ಹಾಕಿದ್ದಾನೆ. ಆ ಪುಟದಲ್ಲಿ ಕನ್ನಡದಲ್ಲಿರುವುದು ಅದೊಂದೇ.