ಪ್ರಿಯ ಮೆಣಸಿನಕಾಯಿ

ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವರಿಗೆ ಪಾಠದ ಜೊತೆಗೇ ಅಂಟಿಕೊಂಡು ಬರುವ ಕೆಲವು ಕೆಲಸಗಳಿವೆ. ರಾಜ್ಯೋತ್ಸವದ ನಿರೂಪಣೆ, ನಿವೃತ್ತರಾಗುವವರಿಗೆ ಬಿನ್ನವತ್ತಳೆ, ಆಹ್ವಾನ ಪತ್ರಿಕೆಯ ಪ್ರೂಫು, ಯಾರಾದರೂ ತೀರಿಕೊಂಡರೆ ಎರಡು ಮಾತು. ಈ ಪಟ್ಟಿಗೆ ಈಚೆಗೆ ಇಮೇಲ್ ಟೆಂಪ್ಲೇಟು ಸೇರಿದೆ.

ಇದರ ಮೂಲ ದೆಹಲಿಯಲ್ಲಿದೆ. ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣೆಗಾಗಿ ಯುಜಿಸಿಯವರು 2023ರಲ್ಲಿ ಹೊಸ ನಿಯಮಾವಳಿ ಹೊರಡಿಸಿದರು. ಪ್ರತಿ ಸಂಸ್ಥೆಯಲ್ಲೂ ಒಂದು ಸಮಿತಿ ಇರಬೇಕು, ಆನ್‌ಲೈನಿನಲ್ಲಿ ದೂರು ಕೊಡಲು ಪೋರ್ಟಲ್ ಇರಬೇಕು, ಸಮಿತಿ ಆದಷ್ಟು ಮಟ್ಟಿಗೆ 15 ಕೆಲಸದ ದಿನಗಳೊಳಗೆ ವರದಿ ಕೊಡಬೇಕು, ಅದರ ಪ್ರತಿ ದೂರು ಕೊಟ್ಟವರಿಗೂ ಹೋಗಬೇಕು. ಅಲ್ಲಿಯವರೆಗೆ ನಮ್ಮಲ್ಲಿ ಲೈಬ್ರರಿಯ ಪಕ್ಕ ಬೀಗ ಜಡಿದ ಒಂದು ದೂರು ಪೆಟ್ಟಿಗೆ ನೇತಾಡುತ್ತಿತ್ತು. ಅದರ ಬೀಗದ ಕೈ ಯಾರ ಹತ್ತಿರ ಇದೆ ಎಂಬುದೇ ಕಾಲೇಜಿನ ಅತಿ ಹಳೆಯ ಕುಂದುಕೊರತೆ. ಹಾಗಾಗಿ ಸಾಫ್ಟ್‌ವೇರ್ ಬಂತು. ಬಂದ ವಾರವೇ ಪ್ರಾಂಶುಪಾಲರು ಕರೆಸಿದರು.

“ಮೇಡಂ, ಅದರೊಳಗೆ ಹುಡುಗರಿಗೆ ತಾನಾಗೇ ಮೇಲ್ ಹೋಗುತ್ತಂತೆ. ಈಗಿರೋದೆಲ್ಲ ಇಂಗ್ಲಿಷು. ನಮಗೆ ಹೇಗೆ ಬೇಕೋ ಹಾಗೆ ಬದಲಾಯಿಸಿಕೊಳ್ಳಬಹುದಂತೆ. ನಿಮಗೇನು, ಅರ್ಧ ಗಂಟೆ ಕೆಲಸ.”

ಯಾವುದೇ ಕೆಲಸವನ್ನು ಅರ್ಧ ಗಂಟೆಯದು ಎಂದು ಹೇಳುವವರು ಅದನ್ನು ಯಾವತ್ತೂ ಮಾಡಿರುವುದಿಲ್ಲ, ಮಾಡುವುದೂ ಇಲ್ಲ.

ಟೆಂಪ್ಲೇಟು ಎಂದರೆ ಬೆಚ್ಚುವಂಥದ್ದೇನಿಲ್ಲ. ನಾವೆಲ್ಲ ಅದರಲ್ಲೇ ಬೆಳೆದವರು. ಇತ್ತ ಕಡೆ ಎಲ್ಲರೂ ಕ್ಷೇಮ ಎಂದು ಶುರುವಾಗುವ ಕಾಗದ, ಜ್ವರದಿಂದ ನರಳುತ್ತಿರುವ ಕಾರಣ ಎನ್ನುವ ರಜಾ ಅರ್ಜಿ. ಈ ಅರ್ಜಿಯನ್ನು ಕನ್ನಡ ನಾಡಿನ ಯಾವ ಮಗುವೂ ನಿಜವಾಗಿ ನರಳುತ್ತಾ ಬರೆದದ್ದಿಲ್ಲ. ತಂತಿ ಇಲಾಖೆಯವರಂತೂ ಶುಭಾಶಯಗಳಿಗೇ ನಂಬರು ಕೊಟ್ಟಿದ್ದರು. ನಂಬರು ಹೇಳಿ ಕಾಸು ಕೊಟ್ಟರೆ ವಾಕ್ಯ ಅತ್ತ ಕಡೆ ತಾನೇ ತಲುಪುತ್ತಿತ್ತು. ನಂಬರು ತಪ್ಪಿದರೆ ಮದುವೆ ಮನೆಗೆ ದೀಪಾವಳಿಯ ಹಾರೈಕೆ. 2013ರ ಜುಲೈನಲ್ಲಿ ತಂತಿ ನಿಂತಿತು, ಆದರೆ ಆ ಬುದ್ಧಿ ನಿಲ್ಲಲಿಲ್ಲ. ಕಂಪ್ಯೂಟರಿನ ಟೆಂಪ್ಲೇಟಿನಲ್ಲಿ ಹೊಸದೆಂದರೆ ಎರಡು ಪುಷ್ಪಾವರಣ ಚಿಹ್ನೆಗಳ ನಡುವೆ ‘ಫಸ್ಟ್‌ನೇಮ್’ ಎಂದು ಬರೆದು ಬಿಟ್ಟರೆ ಯಂತ್ರ ಅಲ್ಲಿ ಹುಡುಗನ ಹೆಸರನ್ನು ತಾನೇ ತುಂಬಿಕೊಳ್ಳುತ್ತದೆ.

ತೊಂದರೆ ಶುರುವಾಗುವುದೇ ಇಲ್ಲಿ. ಆ ಸಾಫ್ಟ್‌ವೇರ್ ಮಾಡಿದವರ ದೇಶದಲ್ಲಿ ಮನುಷ್ಯನಿಗೆ ಒಂದು ಮೊದಲ ಹೆಸರು, ಒಂದು ಕೊನೆಯ ಹೆಸರು ಇರುತ್ತದೆ. ನಮ್ಮಲ್ಲಿ ಇರುವುದು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿದ್ದ ಹೆಸರು. ಅದರಲ್ಲಿ ಇನಿಷಿಯಲ್ ಮುಂದೆಯೂ ಇರಬಹುದು, ಹಿಂದೆಯೂ ಇರಬಹುದು, ಊರು ಮತ್ತು ಅಪ್ಪ ಸೇರಿ ಎರಡೂ ಇರಬಹುದು. ಅಡ್ಮಿಷನ್ ವಿಭಾಗದವರು ಎಕ್ಸೆಲ್ ಹಾಳೆಯಲ್ಲಿ ಹೆಸರುಗಳನ್ನು ಖಾಲಿ ಜಾಗ ಕಂಡಲ್ಲೆಲ್ಲ ಕತ್ತರಿಸಿ ತುಂಬಿದ್ದರು. ಪರೀಕ್ಷಾರ್ಥ ಮೇಲ್ ಕಳಿಸಿ ನೋಡಿದರೆ ಒಬ್ಬಳಿಗೆ ‘ಪ್ರಿಯ ಎಂ’ ಎಂದು ಹೋಗಿತ್ತು, ಇನ್ನೊಬ್ಬನಿಗೆ ‘ಪ್ರಿಯ ಬಿ’. ಪತ್ತೇದಾರಿ ಕಾದಂಬರಿಯ ಗೂಢಚಾರರಿಗೆ ಬರೆದ ಹಾಗಿತ್ತು. ಹುಬ್ಬಳ್ಳಿ ಕಡೆಯಿಂದ ಬಂದ ಹುಡುಗರ ದಾಖಲೆಗಳಲ್ಲಿ ಕೆಲವೊಮ್ಮೆ ಮನೆತನದ ಹೆಸರೇ ಮೊದಲು ಬರುತ್ತದೆ. ಅಲ್ಲಿಯ ಅಡ್ಡಹೆಸರುಗಳ ಸೊಗಸು ಗೊತ್ತಿದ್ದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಹಾಸ್ಟೆಲಿನಲ್ಲಿ ಬಿಸಿನೀರು ಬರುತ್ತಿಲ್ಲ ಎಂದು ದೂರು ಕೊಟ್ಟ ಪಾಪದ ಹುಡುಗನಿಗೆ ನಮ್ಮ ಕಾಲೇಜು ಬರೆದ ಮೊದಲ ಪತ್ರದ ಮೊದಲ ಸಾಲು: ‘ಪ್ರಿಯ ಮೆಣಸಿನಕಾಯಿ’.

ಹುಡುಗ ಬೇಸರ ಮಾಡಿಕೊಳ್ಳಲಿಲ್ಲ. ಸ್ಕ್ರೀನ್‌ಶಾಟ್ ತೆಗೆದು ಸ್ಟೇಟಸ್ ಹಾಕಿಕೊಂಡ. ಅದರ ಕೆಳಗೆ ಅದೇ ಹಾಸ್ಟೆಲಿನ ಉಳ್ಳಾಗಡ್ಡಿ ಬಂದು ನಗುವ ಗುರುತು ಒತ್ತಿದ.

ಹೆಸರು ಸರಿಹೋದರೆ ವಿಭಕ್ತಿ ಕಾದು ಕುಳಿತಿರುತ್ತದೆ. ಇಂಗ್ಲಿಷಿನಲ್ಲಿ ಯಾರ ಹೆಸರನ್ನು ತಂದಿಟ್ಟರೂ ವಾಕ್ಯ ಅಲುಗಾಡದು. ಕನ್ನಡದಲ್ಲಿ ಮಂಜುನಾಥನಿಗೆ, ಕಾವ್ಯಳಿಗೆ, ಗಿರೀಶ್‌ಗೆ, ಲಕ್ಷ್ಮಿಗೆ. ಯಂತ್ರಕ್ಕೆ ಇವರಲ್ಲಿ ಯಾರು ಅವನು, ಯಾರು ಅವಳು ಎಂಬುದು ತಿಳಿಯದು, ಕೊನೆಯ ಅಕ್ಷರದ ಗೊಡವೆಯೂ ಅದಕ್ಕಿಲ್ಲ. ಕಡೆಗೆ ಕೈಹಿಡಿದದ್ದು ‘ಅವರು’. ಹೆಸರು ಬರೆ, ಪಕ್ಕದಲ್ಲಿ ‘ಅವರಿಗೆ’ ಸೇರಿಸು, ಲಿಂಗ ವಿಭಕ್ತಿಗಳೆಲ್ಲ ಒಟ್ಟಿಗೇ ಬಗೆಹರಿದವು. ಆದರೆ ಇದರಿಂದ ಊರಿನಲ್ಲಿ ಬೇರೆಯೇ ಪರಿಣಾಮವಾಯಿತು. ಕ್ಲಾಸಿಗೆ ಬರದೆ ಸಿನಿಮಾಕ್ಕೆ ಹೋಗುವ ಹುಡುಗನೊಬ್ಬನ ತಂದೆಗೆ, ನಿಮ್ಮ ಪುತ್ರ ಇಂಥವರು ಈ ತಿಂಗಳು ತರಗತಿಗಳಿಗೆ ಹಾಜರಾಗಿರುವುದಿಲ್ಲ ಎಂದು ಮೇಲ್ ಹೋಯಿತು. ಮಗನನ್ನು ಬೈಯಲು ಅವರಿಗೆ ಮನಸ್ಸೇ ಬರಲಿಲ್ಲ. ಕಾಲೇಜಿಗೆ ಬಂದು ನನ್ನನ್ನು ಕೇಳಿದರು: “ಏನ್ ಮೇಡಮ್ಮೋರೇ, ನಮ್ ಹುಡುಗಂಗೆ ಇಷ್ಟೊಂದು ಮರ್ವಾದೆ ಕೊಟ್ಟಿದೀರಲ್ಲ, ಏನಾದ್ರೂ ಪ್ರೈಜ್ ಬಂತಾ?”

ಇನ್ನು ಒಕ್ಕಣೆ. ನಮ್ಮ ಪ್ರಾಂಶುಪಾಲರು ಕಚೇರಿ ಕನ್ನಡದ ಕಟ್ಟಾ ಅಭಿಮಾನಿ. ಪತ್ರ ಎಂದಮೇಲೆ ‘ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ’ ಎಂದೇ ಶುರುವಾಗಬೇಕು ಎಂದು ಅವರ ಹಟ. ಮೊಬೈಲಿನಲ್ಲಿ ಮೇಲ್ ಬಂದಾಗ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ. ಫೀಸು ಕಟ್ಟಲು ಕೊನೆಯ ದಿನ, ಹಾಲ್ ಟಿಕೆಟ್ ಬಂದಿದೆ, ಸ್ಕಾಲರ್‌ಶಿಪ್ ತಿರಸ್ಕೃತವಾಗಿದೆ, ಎಲ್ಲವೂ ಹುಡುಗರ ಕಣ್ಣಿಗೆ ‘ಮಾನ್ಯರೇ, ಮೇಲ್ಕಂಡ ವಿಷಯ’ವಾಗಿಯೇ ಕಂಡು ಅಲ್ಲೇ ಕೊನೆಯುಸಿರೆಳೆಯುತ್ತಿದ್ದವು. ಹೇಳಿದೆ, ಕೇಳಲಿಲ್ಲ. ಅದೇ ಒಕ್ಕಣೆಯನ್ನು ಎಸ್ಸೆಮ್ಮೆಸ್ಸಿಗೂ ಹಾಕಿ ಎಂದರು. ದೇವರು ಆಗ ನನ್ನ ಕಡೆ ನೋಡಿದ. ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ ಹಿಡಿಸಿದರೆ ಕನ್ನಡದಲ್ಲಿ 70. ಅದರಲ್ಲೂ ಕೊಂಬು, ಸೊನ್ನೆ, ಒತ್ತು ಎಲ್ಲದಕ್ಕೂ ಬೇರೆ ಬೇರೆ ಲೆಕ್ಕ. ‘ಪ್ರಾಂಶುಪಾಲರು’ ಎಂಬ ಒಂದು ಪದವೇ 12 ಮನೆ ಹಿಡಿಯುತ್ತದೆ. ಸಾಹೇಬರ ಪ್ರೀತಿಯ ವಾಕ್ಯವನ್ನು ಅವರೆದುರೇ ಕೂತು ಎಣಿಸಿದೆ. 68 ಬಂತು. ವಿಷಯ ತಿಳಿಸಲು ಉಳಿದದ್ದು ಎರಡು ಮನೆ. ಮುಂದುವರಿಸಿದರೆ ಎರಡು ಎಸ್ಸೆಮ್ಮೆಸ್ಸಿನ ದುಡ್ಡು ಬೀಳುತ್ತದೆ ಎಂದ ಕೂಡಲೇ ಅವರು ಕಚೇರಿ ಕನ್ನಡವನ್ನು ಆ ಗಳಿಗೆಯಲ್ಲೇ ತ್ಯಜಿಸಿದರು. ಭಾಷಾ ಸುಧಾರಣೆಗೆ ವ್ಯಾಕರಣಕ್ಕಿಂತ ಬಿಲ್ಲು ಹೆಚ್ಚು ಉಪಕಾರಿ.

ಸೂಪರಿಂಟೆಂಡೆಂಟರು ಸಹಾಯ ಮಾಡುತ್ತೇನೆಂದು ತಮ್ಮ ಹಳೆಯ ನುಡಿ ಫೈಲಿನಿಂದ ಒಂದು ಸುತ್ತೋಲೆಯನ್ನು ತಂದು ಟೆಂಪ್ಲೇಟಿಗೆ ಅಂಟಿಸಿದರು. ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಬೆರಳಚ್ಚು ಮಾಡಿದ್ದನ್ನು ಯೂನಿಕೋಡಿಗೆ ಪರಿವರ್ತಿಸದೆ ಕಳಿಸಿದರೆ ಅತ್ತ ಕಡೆ ಕಾಣುವುದು ತಲೆಯ ಮೇಲೆ ಟೋಪಿ, ಚುಕ್ಕೆ, ಬಾಲ ಇಟ್ಟುಕೊಂಡ ಯುರೋಪಿನ ಅಕ್ಷರಗಳು. ಮೇಲ್ ತಲುಪಿದವರಲ್ಲಿ ಒಬ್ಬಳು ಬಹಳ ವಿನಯದಿಂದ, ಕಾಲೇಜಿನಲ್ಲಿ ಫ್ರೆಂಚ್ ತರಗತಿ ಆರಂಭಿಸಿದ್ದಕ್ಕೆ ಧನ್ಯವಾದ, ಫೀಸು ಎಷ್ಟು ಎಂದು ಮರುಪತ್ರ ಬರೆದಳು.

ಆದರೆ ಒಕ್ಕಣೆಗಿಂತ ದೊಡ್ಡ ತಲೆನೋವು, ಮೇಲ್ ಯಾವಾಗ ಹೋಗಬೇಕು ಎಂಬುದು. ಸಾಫ್ಟ್‌ವೇರಿನಲ್ಲಿ ಅದಕ್ಕೊಂದು ಪುಟವಿದೆ. ದೂರು ದಾಖಲಾದಾಗ, ಒಬ್ಬರಿಗೆ ವಹಿಸಿದಾಗ, ಅವರು ಇನ್ನೊಬ್ಬರಿಗೆ ದಾಟಿಸಿದಾಗ, ಯಾರಾದರೂ ಟಿಪ್ಪಣಿ ಬರೆದಾಗ, ಸ್ಥಿತಿ ಬದಲಾದಾಗ, ಹೀಗೆ ಉದ್ದಕ್ಕೂ ಚೌಕಗಳು. ಕಂಪನಿಯವರು ಎಲ್ಲ ಚೌಕಗಳಿಗೂ ಟಿಕ್ ಹಾಕಿಯೇ ಕೊಟ್ಟಿರುತ್ತಾರೆ. ಲ್ಯಾಬಿನ ಫ್ಯಾನು ತಿರುಗುತ್ತಿಲ್ಲ ಎಂದು ಒಬ್ಬಳು ಬರೆದಳು ಅನ್ನಿ. ನಿಮ್ಮ ದೂರು ತಲುಪಿದೆ ಎಂದು ಒಂದು ಮೇಲ್. ನಿರ್ವಹಣಾ ವಿಭಾಗಕ್ಕೆ ವಹಿಸಲಾಗಿದೆ ಎಂದು ಇನ್ನೊಂದು. ಅವರು ಅದನ್ನು ಲೆಕ್ಕಪತ್ರ ವಿಭಾಗಕ್ಕೆ ತಳ್ಳಿದಾಗ ಮತ್ತೊಂದು. ಲೆಕ್ಕಪತ್ರದವರು ‘ನೋಡಿದೆ’ ಎಂದು ಟಿಪ್ಪಣಿ ಬರೆದರೆ ಅದಕ್ಕೂ. ಹಾಗೇ ಸುತ್ತಿ ಬಂದು ಕಡೆಗೆ, ನಿಮ್ಮ ಸಮಸ್ಯೆಯನ್ನು ಪರಿಹರಿಸಲಾಗಿದೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂಬ ಪ್ರಶ್ನೆ. ಅವಳು ತಲೆಯೆತ್ತಿ ನೋಡುತ್ತಾಳೆ. ಫ್ಯಾನು ಎಲ್ಲಿತ್ತೋ ಅಲ್ಲೇ ಇದೆ, ಅದರ ಮೂರು ರೆಕ್ಕೆಗಳ ಮೇಲೆ ಪಾರಿವಾಳ ಕಡ್ಡಿ ಜೋಡಿಸುತ್ತಿದೆ. ಯಾಕೆಂದರೆ ‘ಪರಿಹರಿಸಲಾಗಿದೆ’ ಎಂಬ ಗುಂಡಿ ಒತ್ತುವುದಕ್ಕೆ ಏಣಿ ಬೇಡ, ಎಲೆಕ್ಟ್ರಿಷಿಯನ್ನೂ ಬೇಡ.

ಇದಾದ ಮೇಲೆ ಭೌತಶಾಸ್ತ್ರದ ಮುಖ್ಯಸ್ಥರ ಪ್ರಕರಣ. ಮೌಲ್ಯಮಾಪನಕ್ಕೆ ಹೊರಟ ಅವರು, ರಜೆಯಲ್ಲಿದ್ದೇನೆ, ಬಂದ ಮೇಲೆ ಉತ್ತರಿಸುತ್ತೇನೆ ಎಂಬ ತಾನೇತಾನಾಗಿ ಹೋಗುವ ಮೇಲ್ ಒಂದನ್ನು ಇಟ್ಟು ಹೋದರು. ಸಾಫ್ಟ್‌ವೇರ್ ಅವರಿಗೆ ಒಂದು ಸೂಚನೆ ಕಳಿಸಿತು. ಅವರ ಮೇಲ್ ರಜೆ ಎಂದಿತು. ಸಾಫ್ಟ್‌ವೇರ್ ಅದನ್ನು ಹೊಸ ದೂರೆಂದು ತಿಳಿದು, ನಿಮ್ಮ ದೂರು ತಲುಪಿದೆ ಎಂದಿತು. ಅತ್ತಲಿಂದ ಮತ್ತೆ ರಜೆ. ಇಬ್ಬರೂ ಸಭ್ಯರೇ, ಕೊನೆಯ ಮಾತು ತನ್ನದಾಗಿರಲಿ ಎಂಬ ಸೌಜನ್ಯ ಇಬ್ಬರಿಗೂ. ವಾರದ ಕೊನೆಯಲ್ಲಿ ಕಾಲೇಜಿನಲ್ಲಿ ಯಾರೂ ಇಲ್ಲದಿದ್ದಾಗ ಇವೆರಡೂ ಎಡೆಬಿಡದೆ ಉಭಯಕುಶಲೋಪರಿ ನಡೆಸಿದವು. ಕಂಪ್ಯೂಟರ್ ಸೈನ್ಸಿನ ಮೇಷ್ಟ್ರು ಬಂದು ಬಿಡಿಸಿದರು. ಯಂತ್ರದ ಉತ್ತರಕ್ಕೆ ಯಂತ್ರ ಉತ್ತರಿಸಬಾರದು ಎಂದು 2004ರಿಂದಲೇ ಅಂತರ್ಜಾಲದಲ್ಲಿ ಶಿಫಾರಸು ಇದೆಯಂತೆ. ಜಿಮೇಲ್ ಕೂಡ ಒಬ್ಬರಿಗೆ ನಾಲ್ಕು ದಿನಕ್ಕೊಮ್ಮೆ ಮಾತ್ರ ರಜೆಯ ಸುದ್ದಿ ಹೇಳುತ್ತದಂತೆ. ನಮ್ಮ ಭೌತಶಾಸ್ತ್ರದ ಮುಖ್ಯಸ್ಥರು ಬಳಸುತ್ತಿದ್ದದ್ದು ಇದ್ಯಾವುದನ್ನೂ ಓದಿಕೊಳ್ಳದ ಹಳೆಯ ಮೇಲ್ ವ್ಯವಸ್ಥೆ.

ನನ್ನ ಮಟ್ಟಿಗೆ ಒಂದೇ ಒಂದು ಬೇಡಿಕೆ ಇತ್ತು. ಪ್ರತಿ ಮೇಲಿನಲ್ಲೂ ದೂರು ಈಗ ಯಾರ ಮೇಜಿನ ಮೇಲಿದೆ, ಅವರು ಯಾವ ಕೊಠಡಿಯಲ್ಲಿ, ಎಷ್ಟು ಹೊತ್ತಿಗೆ ಸಿಗುತ್ತಾರೆ ಎಂದು ಬರೆಯೋಣ ಎಂದೆ. ಸಾಫ್ಟ್‌ವೇರಿನಲ್ಲಿ ಅದಕ್ಕೆ ಜಾಗವಿದೆ, ಹೆಸರು ತಾನೇ ಬಂದು ಕೂರುತ್ತದೆ. ಸ್ಟಾಫ್ ಮೀಟಿಂಗಿನಲ್ಲಿ ಇಷ್ಟು ಒಗ್ಗಟ್ಟನ್ನು ನಾನು ಕಂಡದ್ದೇ ಇಲ್ಲ. ಕಲೆ, ವಾಣಿಜ್ಯ, ವಿಜ್ಞಾನ ಮೂರೂ ವಿಭಾಗದವರು ಒಂದೇ ದನಿಯಲ್ಲಿ ಬೇಡ ಎಂದರು. ‘ಸಂಬಂಧಪಟ್ಟವರು’ ಅಂತ ಹಾಕಿ ಸಾಕು ಎಂದರು. ಈ ಸಂಬಂಧಪಟ್ಟವರು ಯಾವ ಕಾಲೇಜಿನಲ್ಲೂ ಹಾಜರಿ ಪುಸ್ತಕದಲ್ಲಿ ಸಹಿ ಮಾಡಿದ್ದನ್ನು ಯಾರೂ ನೋಡಿಲ್ಲ, ಆದರೆ ನಾಡಿನ ಎಲ್ಲ ಅರ್ಜಿಗಳೂ ಇರುವುದು ಅವರ ಬಳಿಯಲ್ಲೇ. ನನ್ನ ಪರ ನಿಂತವರು ಸೂಪರಿಂಟೆಂಡೆಂಟರೊಬ್ಬರೇ. “ಹಾಕಿ ಮೇಡಂ. ಹೆಸರಿಲ್ದಿದ್ರೆ ಎಲ್ರೂ ನನ್ ಟೇಬಲ್‌ಗೇ ಬಂದು ಬೈತಾರೆ. ಹೆಸರಿದ್ರೆ ಸರಿಯಾದ ಟೇಬಲ್‌ಗೆ ಹೋಗ್ತಾರೆ” ಎಂದರು. ಆಡಳಿತದ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತನ್ನು ನಾನು ಕೇಳಿಲ್ಲ. ಹೆಸರು ಸೇರಿತು. ಫ್ಯಾನುಗಳು ಸ್ವಲ್ಪ ಬೇಗ ತಿರುಗತೊಡಗಿದವು. ದೂರು ಕೊಟ್ಟ ಹುಡುಗಿಯೇ ಖುದ್ದಾಗಿ ಕೊಠಡಿಗೆ ಬಂದು ನಿಂತರೆ ಗುಂಡಿ ಒತ್ತಿ ಮುಗಿಸುವುದು ಕಷ್ಟ.

ಇಷ್ಟೆಲ್ಲ ಆದರೂ ಕೆಲವು ಹುಡುಗರು ನಮಗೆ ಮೇಲ್ ಬಂದೇ ಇಲ್ಲ ಎನ್ನುತ್ತಿದ್ದರು. ಸ್ಪ್ಯಾಮ್ ಫೋಲ್ಡರಿನಲ್ಲೂ ಹುಡುಕಿಸಿದೆವು, ಇಲ್ಲ. ಸಾಫ್ಟ್‌ವೇರ್ ಮಾತ್ರ ಕಳಿಸಿದ್ದೇನೆ, ತಲುಪಿದೆ ಎಂದು ಸಾಧಿಸುತ್ತಿತ್ತು. ಗುಟ್ಟು ರಟ್ಟಾದದ್ದು ಬಸ್‌ಸ್ಟ್ಯಾಂಡಿನ ಎದುರು ಸೈಬರ್ ಸೆಂಟರ್ ಇಟ್ಟುಕೊಂಡಿರುವವರು ಒಂದು ದಿನ ಕಾಲೇಜಿಗೆ ಬಂದಾಗ. ಮನುಷ್ಯ ಕಂಗಾಲಾಗಿದ್ದರು.

“ಮೇಡಂ, ನನಗೆ ಹಾಜರಾತಿ 75 ಪರ್ಸೆಂಟ್ ಇಲ್ವಂತೆ, ಪರೀಕ್ಷೆಗೆ ಕೂರಿಸಲ್ಲ ಅಂತೀರಿ. ನಿನ್ನೆ ನೋಡಿದ್ರೆ ನನ್ನ ಹಾಸ್ಟೆಲ್ ಡೆಪಾಸಿಟ್ ವಾಪಸ್ ಮಂಜೂರಾಗಿದೆ. ಬೆಳಿಗ್ಗೆ ನಂಗೆ ಆಪ್ತಸಮಾಲೋಚನೆಗೆ ಬನ್ನಿ ಅಂತ ಕರೆದಿದೀರಿ. ಅದಕ್ಕೇ ಬಂದೆ.”

ಅಡ್ಮಿಷನ್ ಅರ್ಜಿ ತುಂಬಿಸಲು ಹಳ್ಳಿಗಳಿಂದ ಬಂದ ಅಪ್ಪ ಮಕ್ಕಳು ಸಾಲಾಗಿ ಅವರ ಅಂಗಡಿಗೆ ಹೋಗುತ್ತಾರೆ. ಇಮೇಲ್ ಎಂಬ ಜಾಗ ತುಂಬದಿದ್ದರೆ ಅರ್ಜಿ ಮುಂದಕ್ಕೇ ಹೋಗುವುದಿಲ್ಲ. ಇವರಿಗೆ ಇಮೇಲ್ ಇಲ್ಲ, ಅಥವಾ ಇದ್ದದ್ದು ನೆನಪಿಲ್ಲ, ಹಿಂದೆ ಇನ್ನೂ ಇಪ್ಪತ್ತು ಜನ ಕಾಯುತ್ತಿದ್ದಾರೆ. ಪುಣ್ಯಾತ್ಮ ಎಲ್ಲರಿಗೂ ತನ್ನ ಇಮೇಲನ್ನೇ ಕೊಟ್ಟಿದ್ದರು. ನಾನು ಅಷ್ಟು ಅಕ್ಕರೆಯಿಂದ ತಿದ್ದಿ ತೀಡಿದ, ವಿಭಕ್ತಿ ಸರಿಪಡಿಸಿದ, ಹೆಸರು ಕೊಠಡಿ ಸೇರಿಸಿದ ಕಾಗದಗಳನ್ನೆಲ್ಲ ಒಂದಕ್ಷರ ಬಿಡದೆ ಓದಿದ್ದ ಓದುಗರು ಇಡೀ ತಾಲ್ಲೂಕಿನಲ್ಲಿ ಇವರೊಬ್ಬರೇ. ಭಾಷೆ ಚೆನ್ನಾಗಿದೆ ಮೇಡಂ ಎಂದರು. ಅದೊಂದು ಸಮಾಧಾನ. ಯಾರ ಮನೆಯ ಹುಡುಗ ಯಾವ ವಿಷಯದಲ್ಲಿ ಫೇಲು ಎಂಬುದು ಅವರಿಗೆ ನಮಗಿಂತ ಮೊದಲು ಗೊತ್ತಿತ್ತು. ಆದರೂ ಯಾರೆದುರೂ ಬಾಯಿ ಬಿಟ್ಟಿರಲಿಲ್ಲ. ನಮ್ಮ ಸಮಿತಿಯ ಕೆಲವು ಸದಸ್ಯರ ಬಗ್ಗೆ ನಾನು ಇಷ್ಟು ಧೈರ್ಯದಿಂದ ಹೇಳಲಾರೆ.

ಈಗ ಪ್ರತಿ ತರಗತಿಗೂ ಹೋಗಿ ವಿಳಾಸಗಳನ್ನು ಹೊಸದಾಗಿ ಬರೆಸಿಕೊಳ್ಳುತ್ತಿದ್ದೇವೆ. ಮೇ, ಜೂನ್ ಬಂತೆಂದರೆ ಮತ್ತೆ ಅಡ್ಮಿಷನ್. ತಂದೆತಾಯಿಗಳಲ್ಲಿ ಒಂದೇ ವಿನಂತಿ: ಅರ್ಜಿಯಲ್ಲಿ ಇಮೇಲ್ ಎಂದಿರುವ ಕಡೆ ದಯವಿಟ್ಟು ನಿಮ್ಮದೋ ನಿಮ್ಮ ಮಗುವಿನದೋ ವಿಳಾಸವನ್ನೇ ಕೊಡಿ. ಸೈಬರ್ ಸೆಂಟರಿನವರಿಗೆ ಅವರವೇ ಮೂರು ಮಕ್ಕಳಿದ್ದಾರೆ.