ಗಾಳಮುದ್ದೆ ಮೀಮಾಂಸೆ

ಮಳವಳ್ಳಿ ಸೀಮೆಯಲ್ಲಿ ಮುದ್ದೆಯನ್ನು ಅಗಿಯುವವನಿಗೆ ಪಂಕ್ತಿಯಲ್ಲಿ ಮರ್ಯಾದೆಯಿಲ್ಲ, ನುಂಗಬೇಕು. ಈ ಧರ್ಮಸೂಕ್ಷ್ಮಕ್ಕೆ ಅಪವಾದವೆಂದರೆ ಕಾವೇರಿಯ ಬಿಳಿ ಮೀನು, ಅರ್ಥಾತ್ ಮಹಶೀರ್. ಅದಕ್ಕೆ ಹಲ್ಲಿರುವುದು ಗಂಟಲಲ್ಲಿ. ಮೊದಲು ನುಂಗಿ, ಆಮೇಲೆ ಅಗಿಯುತ್ತದೆ. ಭೀಮೇಶ್ವರಿಯ ಶಿಬಿರದಲ್ಲಿ ಹವ್ಯಾಸಿಗಳು ಗಾಳಕ್ಕೆ ಮೆತ್ತುತ್ತಿದ್ದದ್ದೂ ರಾಗಿ ಮುದ್ದೆಯನ್ನೇ. ಮುದ್ದೆಯಿಕ್ಕಿ ಕರೆದು, ತುಟಿಗೆ ಕೊಕ್ಕೆ ಹಾಕಿ ಎಳೆದು, ತೂಗಿ, ಫೋಟೊ ತೆಗೆಸಿಕೊಂಡು, ‘ಹೋಗ್ಬಾ’ ಎಂದು ನೀರಿಗೆ ಬಿಡುವುದು ಬೇಟೆಯೋ ಬೀಗರೌತಣವೋ ಎಂಬುದೇ ಈ ಪ್ರಬಂಧದ ಜಿಜ್ಞಾಸೆ.

ಪೂರ್ವಪಕ್ಷದವರು ಮುತ್ತತ್ತಿಯ ಆಂಜನೇಯನನ್ನು ಸಾಕ್ಷಿಗೆ ಕರೆಯುತ್ತಾರೆ. ಸೀತಮ್ಮನ ಮೂಗುತಿ ಹೊಳೆಗೆ ಬಿದ್ದಾಗ ಹನುಮಂತ ಬಾಲ ಇಳಿಬಿಟ್ಟು ಅದನ್ನು ಮೇಲೆತ್ತಿದನೆಂದು ಸ್ಥಳಪುರಾಣ. ಬೇಕಾದ್ದನ್ನು ಎತ್ತಿಕೊಂಡು ಮೀನನ್ನು ಮೀನಿನ ಪಾಡಿಗೆ ಬಿಟ್ಟ ಮೊದಲ ಗಾಳಗಾರ ಅವನೇ, ಆದ್ದರಿಂದ ಹಿಡಿದು ಬಿಡುವುದು ಸನಾತನ ಎಂಬುದು ಇವರ ವಾದ. ಆದರೆ ಶಿಂಷೆಯ ದಡದ ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಗಳು ಇದನ್ನು ಒಪ್ಪುವುದಿಲ್ಲ. ಅವು ಹಿಡಿದದ್ದನ್ನು ಬಿಡುವುದಿಲ್ಲ, ತೂಗುವುದೂ ಇಲ್ಲ. ಈ ಹಕ್ಕಿಗಳನ್ನು ತವರಿಗೆ ಬಂದ ಹೆಣ್ಣುಮಕ್ಕಳೆಂದು ಕಾಯುವ ಮದ್ದೂರು ತಾಲ್ಲೂಕಿನ ಆ ಊರು 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾಯಿತು. ನೀತಿಶಾಸ್ತ್ರ ಓದಿ ಹಾಗೆ ಮಾಡಿದರೆಂದು ಯಾರೂ ಹೇಳಿಲ್ಲ.

ಇನ್ನು ಆಪ್ತವಾಕ್ಯ. ಮದರಾಸು ಸರ್ಕಾರದ ಅಧಿಕಾರಿ ಎಚ್. ಎಸ್. ಥಾಮಸ್ 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಬರೆದು, ಸೆಣಸಾಟದಲ್ಲಿ ಮಹಶೀರ್ ಮುಂದೆ ಸಾಲ್ಮನ್ ಏನೂ ಅಲ್ಲವೆಂದ. ಮುದ್ದೆಯ ಬಲವೆಂದು ನಾವು ಸೇರಿಸಬಹುದು. 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮೀನನ್ನು ಎಳೆದ ಡಿ ವೆಟ್ ವ್ಯಾನ್ ಇಂಗೆನ್, ಸತ್ತ ಹುಲಿಗಳಿಗೆ ಜೀವಕಳೆ ತುಂಬುತ್ತಿದ್ದ ಮೈಸೂರಿನ ಮನೆತನದವನು. ಹೀಗೆ ಹಿಡಿದವರ ಹೆಸರು, ಇಸವಿ, ಪೌಂಡು ಎಲ್ಲ ದಾಖಲಾದವು. ಮೀನಿಗೆ ಮಾತ್ರ ಸರಿಯಾದ ಶಾಸ್ತ್ರೀಯ ಹೆಸರಿರಲಿಲ್ಲ. ಕೇರಳದ ಪಂಬಾರ್ ಹೊಳೆಯಲ್ಲಿ ಸಿಕ್ಕಿ 2007ರಲ್ಲಿ ‘ಟಾರ್ ರೆಮಾದೇವಿ’ ಎನಿಸಿಕೊಂಡದ್ದೂ ನಮ್ಮ ಗೂನುಬೆನ್ನಿನ ಮಹಶೀರೂ ಒಂದೇ ಎಂದು ವಿದ್ವಾಂಸರು ತೀರ್ಮಾನಿಸಿದ್ದು 2018ರಲ್ಲಿ. ನಾಮಕರಣದ ಬೆನ್ನಿಗೇ ಅದು ಅಳಿವಿನ ತೀವ್ರ ಅಪಾಯದ ಪಟ್ಟಿಗೂ ಸೇರಿತು.

1970ರ ದಶಕದ ಕೊನೆಗೆ ಇಂಗ್ಲಿಷರ ತಂಡವೊಂದು ಬಂದು ಹೋದ ಮೇಲೆ ಹಿಡಿದು ಬಿಡುವ ಪದ್ಧತಿ ಇಲ್ಲಿ ಬೇರೂರಿತು. ವಿಮಾನ ಹತ್ತಿ ಬಂದು, ಹಿಡಿದ ಮೀನನ್ನು ಮುತ್ತಿಟ್ಟು ಬಿಡುವವರನ್ನು ಕಂಡು ಹೊಳೆಯಂಚಿನವರು, ‘ಬುಟ್ಬುಡಾಕೆ ಇಷ್ಟ್ ದೂರ ಬರ್ಬೇಕಿತ್ತಾ ಸಾಮಿ?’ ಎಂದು ಕೇಳಿದ್ದರೆ ತಪ್ಪಿಲ್ಲ. ಆದರೆ ಆ ದುಡ್ಡಿನಿಂದಲೇ, ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಕೆಲವರು ಕಾವಲಿಗೂ ತೆಪ್ಪಕ್ಕೂ ಸೇರಿ ಸಂಬಳ ಕಂಡರು. 2010ರ ನಂತರದ ವರ್ಷಗಳಲ್ಲಿ, ಅಭಯಾರಣ್ಯದೊಳಗೆ ಗಾಳ ಹಾಕುವುದೂ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆಯೇ ಎಂಬ ವ್ಯಾಖ್ಯಾನ ಗಟ್ಟಿಯಾಗಿ, ಹವ್ಯಾಸಿಗಳು ಗಾಳ ಸುತ್ತಿಕೊಂಡರು. ಬೇಟೆಯೆಂಬುದು ಶಾಸ್ತ್ರಕ್ಕೂ ಸರಿ. ನೋವಾಗುವುದು ಬಿಟ್ಟವನಿಗಲ್ಲ, ಬಿಡಿಸಿಕೊಂಡದ್ದಕ್ಕೆ.

ಆದರೆ ಪ್ರಬಂಧಕಾರನನ್ನು ಇಕ್ಕಟ್ಟಿಗೆ ಸಿಕ್ಕಿಸುವ ಒಂದು ಸಂಗತಿಯಿದೆ. ಗಾಳಗಾರರು ಜಂಬಕ್ಕೆಂದು ಬರೆದಿಟ್ಟ ಲೆಕ್ಕದ ಪುಸ್ತಕಗಳಿದ್ದವು. ಕೆಳಹರಿವಿನ ಗಾಳಿಬೋರೆಯ 1998ರಿಂದ 2012ರವರೆಗಿನ ಲೆಕ್ಕ ತೆಗೆದು ನೋಡಿದರೆ, ಸಿಗುವ ಮಹಶೀರ್‌ಗಳ ಸಂಖ್ಯೆ ಏರುತ್ತಿತ್ತು, ಗೂನುಬೆನ್ನಿನದು ಮಾತ್ರ ಕಾಣೆಯಾಗುತ್ತಿತ್ತು. ಜಾಗ ಹಿಡಿದದ್ದು ನೀಲಿ ಈಜುರೆಕ್ಕೆಯ ಬೇರೊಂದು ಮಹಶೀರ್. ಅದು ತಾನಾಗಿ ಬಂದದ್ದಲ್ಲ. ಮಹಶೀರ್ ಸಂತತಿ ಹೆಚ್ಚಲೆಂದು ಕೇಂದ್ರಗಳಲ್ಲಿ ಮರಿ ಮಾಡಿಸಿ ಹೊಳೆಗೆ ಬಿಟ್ಟವರು ಸದುದ್ದೇಶದ ಸಂರಕ್ಷಕರೇ. ಹಿಡಿದದ್ದರ ಪಾಪವನ್ನು ಇಷ್ಟು ಹೊತ್ತು ತೂಗಿದ ನಮಗೆ ಬಿಟ್ಟದ್ದರ ಪಾಪಕ್ಕೆ ತಕ್ಕಡಿಯೇ ಸಿಗುತ್ತಿಲ್ಲ. ಕಾಯ್ದೆಯಲ್ಲಿ ಗಾಳದವನಿಗೆ ಕಲಮುಂಟು. ತಪ್ಪು ಮೀನಿನ ಮರಿಯನ್ನು ಕೊಡಪಾನದಲ್ಲಿ ತಂದು ಸುರಿದವನಿಗೆ ಯಾವ ಕಲಮೆಂದು ಕೇಳಿದರೆ ಪಂಡಿತರು ಕೆಮ್ಮುತ್ತಾರೆ.

ಉಳಿದವನೊಬ್ಬ, ರಾತ್ರಿ ಮಡುವಿಗೆ ಸಿಡಿಮದ್ದು ಎಸೆಯುವವನು. ಮರಿ, ಮುದಿ, ಗೂನು, ನೀಲಿ ಎಂಬ ಭೇದ ಅವನಿಗಿಲ್ಲ. ತೂಕ ಬರೆದಿಡುವ ಅಭ್ಯಾಸವೂ ಇಲ್ಲ. ಆದ್ದರಿಂದ ಅವನ ಕುರಿತಾದ ಅಧ್ಯಾಯವನ್ನು ಆಧಾರಗ್ರಂಥಗಳ ಕೊರತೆಯಿಂದ ಕೈಬಿಡಲಾಗಿದೆ.