ಮೂರು ಕ್ರೆಡಿಟ್ಟಿನ ಸಂಬಂಧ

ಗಣಿತದವರಿಗೆ ಕಲೆಯ ಗಂಧವಿಲ್ಲ, ಕಲೆಯವರಿಗೆ ಲೆಕ್ಕವೆಂದರೆ ಜ್ವರ, ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿದರೆ ದೇಶಕ್ಕೆ ಹೊಸ ಚಿಂತಕರು ಸಿಗುತ್ತಾರೆ ಎಂದು ದೊಡ್ಡವರು ತೀರ್ಮಾನಿಸಿದರು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ತರಗತಿಗಳಿಗೆ ದೇಶದಲ್ಲೇ ಮೊದಲು ಜಾರಿಗೆ ತಂದ ರಾಜ್ಯ ನಮ್ಮದು. ಅದರ ಬೆನ್ನಿಗೇ ಬಂತು ಓಪನ್ ಎಲೆಕ್ಟಿವ್. ಬಿಎಸ್ಸಿ ಹುಡುಗನಿಗೆ ಕಲಾ ವಿಭಾಗದ್ದೊಂದು ವಿಷಯ, ಬಿಎ ಹುಡುಗಿಗೆ ವಿಜ್ಞಾನದ್ದೊಂದು ವಿಷಯ, ತಲಾ ಮೂರು ಕ್ರೆಡಿಟ್. ವಿಜ್ಞಾನಿಗಳೂ ಸಾಹಿತಿಗಳೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲವೆಂದು 1959ರಲ್ಲಿ ಕೇಂಬ್ರಿಜ್‌ನಲ್ಲಿ ನಿಂತು ಸಿ.ಪಿ. ಸ್ನೋ ಎಂಬ ಮಹಾಶಯ ಭಾಷಣ ಮಾಡಿದ್ದ. ಪಾಪ, ಅವನಿಗೆ ಹೊಳೆಯದ ಪರಿಹಾರ ನಮ್ಮ ಟೈಮ್‌ಟೇಬಲ್ ಸಮಿತಿಗೆ ಹೊಳೆಯಿತು: ಶನಿವಾರ, ಕೊನೆಯ ಪೀರಿಯಡ್.

ಇಂಥ ಕೋರ್ಸು ಯಾವ ಮಹಾನ್ ಚಿಂತನೆಯಿಂದ ಹುಟ್ಟುತ್ತದೆ ಎಂದು ತಿಳಿಯಬೇಕಾದರೆ ಯಾವುದಾದರೂ ಕಾಲೇಜಿನ ಸ್ಟಾಫ್ ಮೀಟಿಂಗ್‌ನಲ್ಲಿ ಹಿಂದಿನ ಸಾಲಿನಲ್ಲಿ ಕೂರಬೇಕು. ಪ್ರಾಂಶುಪಾಲರ ಮೊದಲ ಪ್ರಶ್ನೆ, "ಯಾರಿಗ್ರೀ ವರ್ಕ್‌ಲೋಡ್ ಕಮ್ಮಿ ಬೀಳ್ತಿರೋದು?" ಹದಿನಾರು ಗಂಟೆ ಇರಬೇಕಾದಲ್ಲಿ ಹದಿಮೂರೇ ಇರುವ ಭೌತಶಾಸ್ತ್ರದ ಮೇಷ್ಟ್ರು ತಲೆ ತಗ್ಗಿಸುತ್ತಾರೆ. "ಸಾರ್, ಗಣೇಶನ ಹಬ್ಬಕ್ಕೆ ಏನು ಚೆನ್ನಾಗಿ ಹಾಡಿದ್ರಿ! ಆ ಗಣಿತ, ವಿಜ್ಞಾನ, ಸಂಸ್ಕೃತಿ ಅನ್ನೋ ಪೇಪರ್ ನೀವೇ ತಗೊಂಡ್ಬಿಡಿ." ಮುಗಿಯಿತು. ಶಾಸ್ತ್ರಗಳ ನಡುವಿನ ಗೋಡೆ ಒಡೆದು ಬಿತ್ತು. ಒಡೆದದ್ದು ಮೂರು ಗಂಟೆಯ ಕೊರತೆ.

ವಿದ್ಯಾರ್ಥಿಗಳ ಆಯ್ಕೆಯೂ ಅಷ್ಟೇ ಗಂಭೀರ. ಯಾವುದರಲ್ಲಿ ಇಂಟರ್ನಲ್ಸ್ ಧಾರಾಳ, ಯಾವುದರ ನೋಟ್ಸ್ ಜೆರಾಕ್ಸ್ ಅಂಗಡಿಯಲ್ಲಿ ಸಿಗುತ್ತದೆ, ಯಾವುದನ್ನು ಬಿಟ್ಟು ಹೊರಟರೆ ಎರಡೂವರೆಯ ಬಸ್ಸು ಸಿಗುತ್ತದೆ. ಈ ಮೂರೂ ಒಂದೇ ಕಡೆ ಕೂಡಿದ ವಿಷಯಕ್ಕೆ ಸೀಟು ತುಂಬುತ್ತದೆ.

ಪಠ್ಯಕ್ರಮದ ಮೊದಲ ಘಟಕ ಸುವರ್ಣ ಅನುಪಾತ. ಇದಿಲ್ಲದೆ ಜಗತ್ತಿನಲ್ಲಿ ಯಾವ ಗಣಿತ-ಕಲೆ ಕೋರ್ಸೂ ಆರಂಭವಾದದ್ದಿಲ್ಲ. ಪರದೆಯ ಮೇಲೆ ಒಂದು ಬಸವನಹುಳು, ಒಂದು ಸೂರ್ಯಕಾಂತಿ, ಆಮೇಲೆ ಬೇಲೂರಿನ ದರ್ಪಣಸುಂದರಿ. ಅವಳ ಮೇಲೆ ಇಂಟರ್ನೆಟ್ಟಿನಿಂದ ಇಳಿಸಿದ ಒಂದು ಸುರುಳಿ. ಸುರುಳಿಯನ್ನು ಎಳೆದಾಡಿ, ಹಿಗ್ಗಿಸಿ, ಕುಗ್ಗಿಸಿ, ಕೊನೆಗೆ ಮೊಣಕೈಗೆ ತಾಗಿಸಿದರೆ ಕೋಣೆಯಲ್ಲಿ "ಓ!" ಎಂಬ ಉದ್ಗಾರ. ಆ ಸುರುಳಿಯನ್ನು ಕಾಲೇಜಿನ ನೀರಿನ ಟ್ಯಾಂಕಿನ ಮೇಲೆ ಹೊದಿಸಿದರೂ ಎಲ್ಲೋ ಒಂದು ಕಡೆ ತಾಗುತ್ತದೆ ಎಂದು ಯಾರೂ ಹೇಳುವುದಿಲ್ಲ. ಶಿಲ್ಪಿಯ ಅಳತೆಗೋಲು ತಾಳಮಾನವಾಗಿತ್ತು, ಮುಖದ ಉದ್ದವನ್ನೇ ಮಾನವಾಗಿಟ್ಟು ಇಡೀ ದೇಹದ ಲೆಕ್ಕ ಹಾಕುತ್ತಿದ್ದರು ಎಂಬುದು ಸಿಲಬಸ್‌ನಲ್ಲಿಲ್ಲ. ಅದನ್ನು ಹೇಳಬೇಕಾದರೆ ಅಳೆಯಬೇಕು.

ಎರಡನೆಯ ಘಟಕ ಹೆಮ್ಮೆ. ಇಟಲಿಯ ಫಿಬೊನಾಚಿ 1202ರಲ್ಲಿ ಮೊಲಗಳ ಲೆಕ್ಕದಲ್ಲಿ ತೋರಿಸಿದ ಸಂಖ್ಯೆಗಳು ನಮ್ಮ ಛಂದಶ್ಶಾಸ್ತ್ರಜ್ಞರಾದ ವಿರಹಾಂಕ, ಹೇಮಚಂದ್ರರಿಗೆ ಅದಕ್ಕೂ ಮೊದಲೇ ಗೊತ್ತಿದ್ದವು. ಮಾತು ಸತ್ಯ. ಚಪ್ಪಾಳೆ. ಮುಂದಿನ ಸ್ಲೈಡ್. ಅವರಿಗೆ ಗೊತ್ತಿದ್ದದ್ದು ಹೇಗೆ ಎಂದು ಯಾರಾದರೂ ಕೈ ಎತ್ತಿ ಕೇಳಿದರೆ ಮೇಷ್ಟ್ರು ಗಡಿಯಾರ ನೋಡುತ್ತಾರೆ.

ಉತ್ತರ ಹತ್ತನೇ ತರಗತಿಯ ಕನ್ನಡ ವ್ಯಾಕರಣದಲ್ಲೇ ಇದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು ಮಾತ್ರೆಯ ಗಣವನ್ನು ಮೂರು ಬಗೆಯಲ್ಲಿ ತುಂಬಬಹುದು, ನಾಲ್ಕರದ್ದನ್ನು ಐದು ಬಗೆಯಲ್ಲಿ, ಐದರದ್ದನ್ನು ಎಂಟು ಬಗೆಯಲ್ಲಿ. ಕೊನೆಯ ಅಕ್ಷರ ಲಘುವಾದರೆ ಅದರ ಹಿಂದೆ ಒಂದು ಮಾತ್ರೆ ಕಡಿಮೆಯ ಸಾಲು, ಗುರುವಾದರೆ ಎರಡು ಕಡಿಮೆಯ ಸಾಲು; ಹಾಗಾಗಿ ಹಿಂದಿನೆರಡು ಕೂಡಿದರೆ ಮುಂದಿನದು. ಇಷ್ಟೇ. ಇನ್ನು ಭಾಮಿನಿ ಷಟ್ಪದಿಯ ಮೊದಲ ಸಾಲಿಗೆ ಬನ್ನಿ. ಹದಿನಾಲ್ಕು ಮಾತ್ರೆ. ಯಾವ ಕಟ್ಟೂ ಇಲ್ಲದೆ ತುಂಬುವುದಾದರೆ 610 ಬಗೆ. ಆದರೆ ಭಾಮಿನಿ ಹಾಗೆ ಬಿಡುವವಳಲ್ಲ: ಮೂರು, ನಾಲ್ಕು, ಮೂರು, ನಾಲ್ಕು ಎಂದು ಒಡೆಯಬೇಕು. ಆಗ ಮೂರು ಗುಣಿಸು ಐದು ಗುಣಿಸು ಮೂರು ಗುಣಿಸು ಐದು, 225. ಗಣವು ಲಘು-ಗುರುವಿನಿಂದ ಶುರುವಾಗಬಾರದು ಎಂಬ ಇನ್ನೊಂದು ಕಟ್ಟಳೆಯನ್ನೂ ಸೇರಿಸಿ. ಮೂರರಲ್ಲಿ ಒಂದು ಹೋಗಿ ಎರಡು, ಐದರಲ್ಲಿ ಒಂದು ಹೋಗಿ ನಾಲ್ಕು. ಎರಡು ನಾಲ್ಕಲ ಎಂಟು, ಎಂಟೆಂಟಲ 64.

ಗದುಗಿನ ನಾರಣಪ್ಪ ಹತ್ತು ಪರ್ವ, ಎಂಟು ಸಾವಿರಕ್ಕೂ ಹೆಚ್ಚು ಪದ್ಯಗಳ ಮೊದಲ ಸಾಲನ್ನು ಓಡಿಸಿದ್ದು ಈ ಅರವತ್ತನಾಲ್ಕು ಅಚ್ಚುಗಳ ಒಳಗೆ. ಆದಿಪ್ರಾಸವನ್ನೂ ಇಟ್ಟುಕೊಂಡು. ಅವನು ಎಷ್ಟು ಅಚ್ಚುಗಳನ್ನು ನಿಜವಾಗಿ ಬಳಸಿದ, ಯುದ್ಧದ ವರ್ಣನೆಯಲ್ಲಿ ಯಾವುದು ಹೆಚ್ಚು, ದ್ರೌಪದಿ ಸಿಡಿದು ನಿಂತಾಗ ಯಾವುದು? ಒಂದು ಸೆಮಿಸ್ಟರ್ ಪೂರ್ತಿ ಹುಡುಗರ ಕೈಗೆ ಕೆಲಸ, ಬಾಯಿಗೆ ಕುಮಾರವ್ಯಾಸ, ತಲೆಗೆ ಗುಣಾಕಾರ. ಆದರೆ ಇದನ್ನು ಕಲಿಸಲು ಸಾಧ್ಯವಿಲ್ಲ. ಏಕೆಂದರೆ ಕನ್ನಡ ವಿಭಾಗ ತನ್ನ ಕಡೆಯಿಂದ ಛಂದಸ್ಸನ್ನು ತೆಗೆದು ಹಾಕಿದೆ, "ವಿಜ್ಞಾನದ ಮಕ್ಕಳಿಗೆ ಅದು ಕಷ್ಟ ಸಾರ್." ಗಣಿತ ವಿಭಾಗ ತನ್ನ ಕಡೆಯಿಂದ ಎಣಿಕೆಯನ್ನು ತೆಗೆದಿದೆ, "ಆರ್ಟ್ಸ್ ಮಕ್ಕಳಿಗೆ ಅದು ಕಷ್ಟ ಸಾರ್." ಇಬ್ಬರೂ ತಮ್ಮ ತಮ್ಮ ಕಷ್ಟವನ್ನು ಮನೆಯಲ್ಲೇ ಬಿಟ್ಟು ಬಂದು ಮಂಟಪದಲ್ಲಿ ಕೂತಿದ್ದಾರೆ. ಹಾರ ಬದಲಾಯಿಸಲು ಗಂಡೂ ಇಲ್ಲ, ಹೆಣ್ಣೂ ಇಲ್ಲ. ಫೋಟೋದವನು ಮಾತ್ರ ಇದ್ದಾನೆ.

ಒಂದು ಎಚ್ಚರಿಕೆ. ವಾರ್ಧಕ ಷಟ್ಪದಿಯ ಒಟ್ಟು ಮಾತ್ರೆ 144. ಅದು ಫಿಬೊನಾಚಿ ಸಾಲಿನಲ್ಲಿ ಬರುವ ಸಂಖ್ಯೆಯೂ ಹೌದು. ಶುದ್ಧ ಕಾಕತಾಳೀಯ, ಇಪ್ಪತ್ತರ ನಾಲ್ಕು ಸಾಲು, ಮೂವತ್ತೆರಡರ ಎರಡು ಸಾಲು ಕೂಡಿದರೆ ಅಷ್ಟಾಗುತ್ತದೆ, ಅಷ್ಟೇ. ಆದರೂ ಮುಂದಿನ ರಾಷ್ಟ್ರೀಯ ವಿಚಾರ ಸಂಕಿರಣದಲ್ಲಿ 'ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಫಿಬೊನಾಚಿ' ಎಂಬ ಪ್ರಬಂಧ ಮಂಡನೆಯಾದರೆ ಈ ಅಂಕಣ ಹೊಣೆಯಲ್ಲ.

ಮೂರನೆಯ ಘಟಕ ವಿಜ್ಞಾನ ಮತ್ತು ಸಂಗೀತ. ಸ್ಲೈಡಿನ ಎಡಗಡೆ ಸರ್ ಸಿ.ವಿ. ರಾಮನ್, ಬಲಗಡೆ ಮೃದಂಗ, ನಡುವೆ ಎರಡೂ ಕಡೆ ಮೂತಿಯಿರುವ ಒಂದು ಬಾಣ. ಬಾಣದ ಅರ್ಥ ಏನು? ಕೇಳಬಾರದು. ರಾಮನ್ ನಿಜಕ್ಕೂ 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ ನಮ್ಮ ಚರ್ಮವಾದ್ಯಗಳ ಬಗ್ಗೆ ಬರೆದರು; ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಮತ್ತೆ ವಿಸ್ತಾರವಾಗಿ ಬರೆದರು. ಅವರಿಗೆ ಸಿಕ್ಕಿದ್ದು ಇಷ್ಟು: ಬರೀ ಚರ್ಮ ಬಿಗಿದ ವಾದ್ಯವನ್ನು ಹೊಡೆದರೆ ಮೂಲಸ್ವರದ ಮೇಲೆ ಏಳುವ ಸ್ವರಗಳು 1.59, 2.14 ಎಂಬ ಅಡ್ಡಾದಿಡ್ಡಿ ಅನುಪಾತದಲ್ಲಿರುತ್ತವೆ, ಅದಕ್ಕೇ ಅದು ಗದ್ದಲ. ಮೃದಂಗದ ನಡುವೆ ಪದರ ಪದರವಾಗಿ ತಿಕ್ಕಿ ಕೂರಿಸಿದ ಕಪ್ಪು ಕರಣೆಯ ಭಾರ ಆ ಸ್ವರಗಳನ್ನು ಎಳೆದು ತಂದು ಒಂದು, ಎರಡು, ಮೂರು ಎಂಬ ಪೂರ್ಣಾಂಕಗಳ ಹತ್ತಿರ ನಿಲ್ಲಿಸುತ್ತದೆ. ಅದಕ್ಕೇ ಅದು ಶ್ರುತಿಗೆ ಸೇರುತ್ತದೆ. ಕರಣೆ ಹಾಕುವವನು ಒಂದೊಂದು ಪದರಕ್ಕೂ ತಟ್ಟಿ ಕೇಳಿ ಮುಂದಿನ ಪದರ ಹಾಕುತ್ತಾನೆ. ಭೌತಶಾಸ್ತ್ರದ ಲ್ಯಾಬಿನಲ್ಲಿ ಈ ಪ್ರಯೋಗಕ್ಕೆ ಬೇಕಾದದ್ದು ಒಂದು ಹಳೆಯ ಮೃದಂಗ, ಒಂದು ಮೊಬೈಲು. ಎರಡನೆಯದು ಪ್ರತಿ ವಿದ್ಯಾರ್ಥಿಯ ಕೈಯಲ್ಲೂ ಇದೆ. ಮೊದಲನೆಯದಕ್ಕೆ ಕೊಟೇಶನ್ ಕರೆಯಬೇಕು, ಯಾವ ಲೆಕ್ಕಶೀರ್ಷಿಕೆಯಲ್ಲಿ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಪ್ರಾಯೋಗಿಕ ಅಂಗವೆಂದು ರಂಗೋಲಿ ಸ್ಪರ್ಧೆ ಇಟ್ಟರು. ನ್ಯಾಕ್ ಕಡತಕ್ಕೆ ಜಿಯೋಟ್ಯಾಗ್ ಮಾಡಿದ ಫೋಟೋ ಬೇಕಲ್ಲ. ಮೊದಲ ಬಹುಮಾನ ಬಂದದ್ದು ಏಳು ಬಣ್ಣ ತುಂಬಿ ಬರೆದ ಪೈ ಚಿಹ್ನೆಗೆ, ಕೆಳಗೆ 'ಗಣಿತವೇ ಜೀವನ'. ಅದೇ ದಿನ ಬೆಳಿಗ್ಗೆ ಕಾಲೇಜಿನ ಗೇಟಿನ ಮುಂದೆ ಅಟೆಂಡರಮ್ಮ ಹದಿನೈದರಿಂದ ಎಂಟಕ್ಕೆ ಸಂದು ಚುಕ್ಕಿ ಇಟ್ಟು ರಂಗೋಲಿ ಬಿಡಿಸಿದ್ದರು. ನಡುವಿನ ಸಾಲಿಗೆ ಹದಿನೈದು, ಮೇಲೆ ಕೆಳಗೆ ಒಂದೊಂದೇ ಇಳಿಯುತ್ತ ಎಂಟು. ಆಕಾರ ಆರು ಮೂಲೆ. ಒಟ್ಟು ಚುಕ್ಕಿ 169, ಅಂದರೆ ಹದಿಮೂರರ ವರ್ಗ. ಆರು ಮೂಲೆಯ ಇಂಥ ಚುಕ್ಕಿಮನೆಗಳು 1, 7, 19, 37 ಹೀಗೆ ಬೆಳೆಯುತ್ತವೆ. ಒಂದನ್ನು ಬಿಟ್ಟರೆ ಅದರಲ್ಲಿ ವರ್ಗಸಂಖ್ಯೆ ಮೊದಲು ಸಿಗುವುದೇ ಇಲ್ಲಿ. ಇವನ್ನು ಮೊದಲಿಂದ ಕೂಡುತ್ತ ಹೋಗಿ: 1, 8, 27, 64. ಎಲ್ಲವೂ ಘನಗಳು! ಏಕೆ ಹೀಗೆ ಎಂದು ಕೇಳಿದರೆ ಒಂದು ತಿಂಗಳ ಪಾಠವಾಗುತ್ತಿತ್ತು. ಆದರೆ ಅತಿಥಿಗಳ ಕಾರು ಆ ರಂಗೋಲಿಯ ಮೇಲೇ ಒಳಗೆ ಬಂತು. ಅಟೆಂಡರಮ್ಮ ಸ್ಪರ್ಧೆಗೆ ಸೇರುವಂತೆಯೂ ಇರಲಿಲ್ಲ, ವಿದ್ಯಾರ್ಥಿ ಗುರುತಿನ ಚೀಟಿ ಕಡ್ಡಾಯ.

ಪ್ರವಾಸವೂ ಆಯಿತು, ಗದಗ ಜಿಲ್ಲೆಯ ಡಂಬಳಕ್ಕೆ. ದೊಡ್ಡಬಸಪ್ಪನ ಗುಡಿಯ ಗರ್ಭಗೃಹದ ಹೊರಗೋಡೆ ಇಪ್ಪತ್ತನಾಲ್ಕು ಮೂಲೆಯ ನಕ್ಷತ್ರ. ಒಂದು ಚೌಕವನ್ನು ಹದಿನೈದು ಹದಿನೈದು ಡಿಗ್ರಿ ತಿರುಗಿಸುತ್ತ ಆರು ಸಲ ಇಟ್ಟರೆ ಆ ನಕ್ಷೆ ನೆಲದ ಮೇಲೆ ಮೂಡುತ್ತದೆ. ಒಂದು ಹಗ್ಗ, ಒಂದು ಗೂಟ ಸಾಕು. ಹುಡುಗರು ಆ ಮೂಲೆಗಳ ಮುಂದೆ ನಿಂತು ನೂರಾರು ಸೆಲ್ಫಿ ತೆಗೆದರು. ಮೂಲೆ ಎಣಿಸಿದವರು ಯಾರೂ ಇಲ್ಲ.

ಇದು ಸರ್ಕಾರಿ ಕಾಲೇಜಿನ ರೋಗ ಎಂದುಕೊಳ್ಳಬೇಡಿ. ಬೆಂಗಳೂರಿನ ಹೊರವಲಯದ ಗಾಜಿನ ಕಟ್ಟಡಗಳಲ್ಲಿ ಇದೇ ಸರಕು ಲಕ್ಷಗಳಲ್ಲಿ ಸಿಗುತ್ತದೆ. ಅಲ್ಲಿ ಬೆಂಚಿನ ಬದಲು ಬೀನ್ ಬ್ಯಾಗ್, ಮೇಷ್ಟ್ರ ಬದಲು ಫೆಸಿಲಿಟೇಟರ್, ಸುರುಳಿ ಮಾತ್ರ ಅದೇ.

ನೀತಿ ಬದಲಾಯಿತು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಹಳೆಯ ಸ್ಕೀಮಿನ ಹುಡುಗರು ಮಾತ್ರ ಉಳಿದ ಪೇಪರ್ ಬರೆಯುತ್ತ ಉಳಿದರು. ಅವರಲ್ಲೊಬ್ಬನ ಉತ್ತರ ಪತ್ರಿಕೆ ಮೌಲ್ಯಮಾಪನದಲ್ಲಿ ಸ್ವಲ್ಪ ಗೊಂದಲ ಎಬ್ಬಿಸಿತಂತೆ. ಪ್ರಶ್ನೆ: ಗಣಿತಕ್ಕೂ ಕಾವ್ಯಕ್ಕೂ ಇರುವ ಸಂಬಂಧದ ಮಹತ್ವವನ್ನು ವಿವರಿಸಿ, ಐದು ಅಂಕ. ಹುಡುಗ ಮಹತ್ವದ ಮಾತೇ ಎತ್ತದೆ ಭಾಮಿನಿಯ ಒಂದು ಸಾಲಿಗೆ ಪ್ರಸ್ತಾರ ಹಾಕಿ, 610, 225, 64 ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ಕೆಳಗೆ ಗೆರೆ ಎಳೆದಿದ್ದ. ಪತ್ರಿಕೆ ಕನ್ನಡದವರ ಮೇಜಿಗೆ ಹೋಯಿತು, "ಇದು ಲೆಕ್ಕ, ನಮ್ಮದಲ್ಲ." ಗಣಿತದ ಮೇಡಂ ಮೇಜಿಗೆ ಹೋಯಿತು, "ಇದು ಕನ್ನಡ ಕಣ್ರೀ." ಕೊನೆಗೆ ಸ್ಕೀಮ್ ತೆರೆದು ನೋಡಿದರು. ಪೀಠಿಕೆಗೆ ಒಂದು, ಮಹತ್ವದ ಮೂರು ಅಂಶಗಳಿಗೆ ಮೂರು, ಉಪಸಂಹಾರಕ್ಕೆ ಒಂದು. ಲೆಕ್ಕಕ್ಕೆ ಏನೂ ಇರಲಿಲ್ಲ. ಅಕ್ಷರ ದುಂಡಗಿದ್ದುದಕ್ಕೆ ಒಂದು ಅಂಕ ಕೊಟ್ಟು, ಉಪಸಂಹಾರ ಬರೆಯದ ತಪ್ಪಿಗೆ ಅದರಲ್ಲೂ ಅರ್ಧ ಕತ್ತರಿಸಿದರು.